ಮಗನನ್ನು ಹೊಡೆಯುವಾಗ ಅಪ್ಪ ಎಲ್ಲಿದ್ದ?

ನನ್ನ ಮುಂದಿನ ಎರಡು ಹಲ್ಲು ಹೋದದ್ದು ತ್ರಿಯೇಕ ದೇವರ ಪಾಠ ಹೇಳುವಾಗ. ಹೊಡೆದವನು ನಾಸ್ತಿಕನಲ್ಲ, ಕುಡಿದು ಬಂದವನೂ ಅಲ್ಲ. ದೀಕ್ಷಾಸ್ನಾನ ಬೇಕೆಂದು ತಾನಾಗಿ ಬಂದು, ಚಾಪೆಯ ಮೊದಲ ಸಾಲಿನಲ್ಲಿ ಕೂತು, ತುಟಿ ಬಿಚ್ಚದೆ ಪಾಠ ಕೇಳುತ್ತಿದ್ದ ಒಬ್ಬ ಚಕ್ಕಡಿಯವನು. ಕಾರ್ಖಾನೆಗೆ ಕಬ್ಬು ಹೇರುವುದು ಅವನ ಕೆಲಸ. ಅವನಿಗೆ ಪಾಠ ಹೇಳುವುದು ನನ್ನ ಕೆಲಸ. ಇಬ್ಬರಲ್ಲಿ ಯಾರು ತಮ್ಮ ಕೆಲಸ ನೆಟ್ಟಗೆ ಮಾಡುತ್ತಿದ್ದರು ಎಂದು ಆಗ ಯಾರಾದರೂ ಕೇಳಿದ್ದರೆ, ನಾನೇ ಎಂದು ಎದೆ ತಟ್ಟಿ ಹೇಳುತ್ತಿದ್ದೆ.

ಎಂಬತ್ತರ ದಶಕದ ಮಾತು. ಮುಧೋಳ ತಾಲೂಕಿನ ಒಂದು ಸಕ್ಕರೆ ಕಾರ್ಖಾನೆಯ ಮಗ್ಗುಲಲ್ಲಿ ತಗಡಿನ ಮಾಡಿನ ಸಣ್ಣ ದೇವಾಲಯ, ಬೆರಳೆಣಿಕೆಯ ಕ್ರೈಸ್ತ ಮನೆಗಳು. ಅಲ್ಲಿಗೆ ನಾನು ಉಪದೇಶಿ. ಉಪದೇಶಿ ಎಂದರೆ ಪಾದ್ರಿಯಲ್ಲ. ಪಾದ್ರಿ, ಅಂದರೆ ನಮ್ಮ ಅಯ್ಯನವರು, ಜಮಖಂಡಿಯಲ್ಲಿರುತ್ತಿದ್ದರು. ತಿಂಗಳಿಗೊಮ್ಮೆ ಬಸ್ಸಿಳಿದು ಬಂದು ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ಕೊಟ್ಟು ಹೋಗುವರು. ಉಳಿದಂತೆ ಗಂಟೆ ಬಾರಿಸುವುದು, ಪ್ರಾರ್ಥನೆ ನಡೆಸುವುದು, ಜಗಳ ಬಿಡಿಸುವುದು, ಸತ್ತವರಿಗೆ ಕುಣಿ ತೋಡಿಸುವುದು, ದೀಕ್ಷಾಸ್ನಾನ ಬೇಡಿದವರಿಗೆ ಪಾಠ ಹೇಳುವುದು ಎಲ್ಲವೂ ನನ್ನ ತಲೆಗೆ.

ಚಕ್ಕಡಿಯವನ ಹೆಂಡತಿ ಕ್ರೈಸ್ತರ ಮನೆಯ ಹೆಣ್ಣುಮಗಳು. ಮಗನಿಗೂ ಕೂಸಿದ್ದಾಗಲೇ ದೀಕ್ಷಾಸ್ನಾನ ಆಗಿತ್ತು. ಇವನೊಬ್ಬ ಮಾತ್ರ ಹೊರಗೇ ಉಳಿದಿದ್ದ. ಹಿಂದಿನ ಹಂಗಾಮಿನಲ್ಲಿ ಆ ಮಗನನ್ನು ಕಾರ್ಖಾನೆಯ ಯಾರ್ಡಿನಲ್ಲಿ ಬಡಿದು ಕೊಂದರು. ಹೆಣವನ್ನು ನಮ್ಮ ಸಮಾಧಿ ನೆಲದಲ್ಲಿ ಮಣ್ಣು ಮಾಡಿದ್ದು ನಾನೇ. ಅಪ್ಪ ಮೈತುಂಬ ಕಂಬಳಿ ಹೊದ್ದು ದೂರ ನಿಂತಿದ್ದ. ಕೆಲವು ತಿಂಗಳಿಗೆ ಇವನು ನನ್ನ ಬಾಗಿಲಿಗೆ ಬಂದು ನಿಂತ.

"ಮಾಸ್ತರ, ನಾ ಸತ್ರ ನನ್ನ ಮಗನ ಬಾಜೂಕ ಮಣ್ಣ ಮಾಡಬೇಕು. ಅದಕ್ಕ ಏನ್ ಮಾಡಬೇಕು ಹೇಳ್ರಿ, ಮಾಡ್ತೇನಿ."

ದೀಕ್ಷಾಸ್ನಾನ ಆಗದವರಿಗೆ ಆ ನೆಲದಲ್ಲಿ ಜಾಗವಿಲ್ಲ ಎಂಬುದು ಸಭೆಯ ಕಟ್ಟಳೆ. ಪಾಠಕ್ಕೆ ಬಾ ಎಂದೆ. ಅವನು ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ಎರಡೂ ಕೈ ಮುಷ್ಟಿ ಹಿಡಿದು ತೊಡೆಯ ಮೇಲಿಟ್ಟುಕೊಂಡು ಕೂರುವನು. ಎಷ್ಟು ಸಿಟ್ಟಪ್ಪಾ ಈ ಮನುಷ್ಯನಿಗೆ, ದೇವರ ಮನೆಯಲ್ಲೂ ಮುಷ್ಟಿ ಬಿಡುವುದಿಲ್ಲವಲ್ಲ ಎಂದುಕೊಳ್ಳುತ್ತಿದ್ದೆ. ಪುಸ್ತಕ ಕೊಟ್ಟರೆ ಎರಡು ಮುಷ್ಟಿಗಳ ನಡುವೆ ಒತ್ತಿ ಹಿಡಿಯುವನು.

ಸೃಷ್ಟಿ, ಪಾಪ, ಆಜ್ಞೆಗಳು ಇವೆಲ್ಲ ಸರಳ ಪಾಠಗಳು. ಆಮೇಲೆ ಬರುವುದೇ ತ್ರಿಯೇಕ ದೇವರು. ತಂದೆ ದೇವರು, ಮಗ ದೇವರು, ಪವಿತ್ರಾತ್ಮ ದೇವರು, ಆದರೆ ಮೂವರು ದೇವರಲ್ಲ, ಒಬ್ಬನೇ. ಈ ಪಾಠಕ್ಕೆ ಉಪದೇಶಿಗಳೆಲ್ಲ ಹೆದರುತ್ತೇವೆ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ. ಅದಕ್ಕೇ ಉಪಮೆಗಳ ಮೊರೆ ಹೋಗುತ್ತೇವೆ. ಬನಹಟ್ಟಿಯಲ್ಲಿದ್ದಾಗ ನೇಕಾರರ ಓಣಿಯಲ್ಲಿ ಮೂರೆಳೆಯ ಹುರಿನೂಲು ತೋರಿಸುತ್ತಿದ್ದೆ. ಬೀಳಗಿ ಕಡೆ ಹೋದಾಗ ಊಟೆ, ಹಳ್ಳ, ಕೆರೆ ಎನ್ನುತ್ತಿದ್ದೆ. ಕಾರ್ಖಾನೆಗೆ ಬಂದ ಮೇಲೆ ಕಬ್ಬು. ಊರು ಬದಲಾದಂತೆ ಉಪಮೆ ಬದಲಿಸುವುದು ನಮ್ಮ ಕಸುಬಿನ ಜಾಣತನ.

"ನೋಡ್ರಿ, ಕಬ್ಬಿನ ಹಾಲು, ಕಾಕಂಬಿ, ಸಕ್ಕರಿ. ಮೂರು ಬ್ಯಾರೆ, ಕಬ್ಬು ಒಂದs," ಎಂದೆ. ಎಲ್ಲರೂ ತಲೆಯಾಡಿಸಿದರು. ತಿಳಿದು ಆಡಿಸಿದರೋ, ಊಟದ ಹೊತ್ತಾಯಿತೆಂದು ಆಡಿಸಿದರೋ, ನಾನು ಕೆದಕಲಿಲ್ಲ.

ಚಕ್ಕಡಿಯವನು ಮೊದಲ ಸಲ ಬಾಯಿ ತೆರೆದ. "ಮಾಸ್ತರ, ಹಾಲು ಸಕ್ಕರಿ ಆತು ಅಂದ್ರ ಹಾಲು ಎಲ್ಲಿ ಉಳೀತು?"

"ಅಂದ್ರ?"

"ಮಗನ್ನ ಶಿಲುಬಿಗೆ ಮೊಳಿ ಜಡದ್ರು ಅಂದ್ರಿ. ಅವಾಗ ಅಪ್ಪ ಇದ್ನೋ ಇಲ್ಲೋ?"

"ಇದ್ದ."

"ಇದ್ದು ಏನ್ ಮಾಡಾಕತ್ತಿದ್ದ?"

ಇದಕ್ಕೆ ನನ್ನ ಬಳಿ ಉತ್ತರವಿತ್ತು, ಅದೂ ತರಬೇತಿ ಶಾಲೆಯಲ್ಲಿ ಬಾಯಿಪಾಠ ಮಾಡಿದ ಪಕ್ಕಾ ಉತ್ತರ. ನೋವುಂಡವನು ಮಗ, ಮನುಷ್ಯನಾಗಿ ನೋವುಂಡ. ತಂದೆಗೆ ಶರೀರವಿಲ್ಲ, ಬದಲಾವಣೆಯಿಲ್ಲ, ಆದ್ದರಿಂದ ನೋವಿಲ್ಲ. ಅದನ್ನೇ ನೆಟ್ಟಗೆ ನಿಂತು ಹೇಳಿದೆ: "ತಂದೆಗೆ ನೋವಾಗಲಿಲ್ಲ ಕಾಕಾ. ತಂದೆಗೆ ನೋವು ಆಗೂದs ಇಲ್ಲ."

ಅವನು ಎದ್ದದ್ದು ಕಂಡಿತು, ಕೈ ಬೀಸಿದ್ದು ಕಾಣಲಿಲ್ಲ. ಗೋಡೆಗೆ ತಲೆ ಬಡಿದು ಕುಸಿದೆ. ಬಾಯಿ ತುಂಬ ರಕ್ತ, ಅದರಲ್ಲಿ ಕಲ್ಲಿನ ಹರಳಿನಂತೆ ಏನೋ ನಾಲಗೆಗೆ ಹತ್ತಿತು. ಮತ್ತೊಂದು ಏಟು ಕಿವಿಗೆ ಬಿತ್ತು. "ನೋವಾಗಲಿಲ್ಲಂತ! ಅಪ್ಪಗ ನೋವಾಗಲಿಲ್ಲಂತ!" ಎಂದು ಒದರುತ್ತಿದ್ದ. ನಾಲ್ಕಾರು ಜನ ಸೇರಿ ಅವನನ್ನು ಹೊರಗೆ ಎಳೆದುಕೊಂಡು ಹೋದರು.

ಮುಧೋಳದ ಬಸ್ಸಿನಲ್ಲಿ ಬಾಯಿಗೆ ಟಾವೆಲ್ ಒತ್ತಿಕೊಂಡು ಕೂತೆ. ಬಾಜೂಕ ಕೂತವನು, "ಎತ್ತು ಒದೀತೇನ್ರಿ?" ಎಂದು ಕೇಳಿದ. ಹೂಂ ಎಂದು ತಲೆಯಾಡಿಸಿದೆ. ದೇವರ ಪಾಠ ಹೇಳುತ್ತಿದ್ದೆನೆಂದು ಹೇಳಲು ನನಗೆ ಬಾಯಿಯೆಲ್ಲಿತ್ತು?

ದವಾಖಾನೆಯಿಂದ ತಿರುಗಿ ಬರುವಷ್ಟರಲ್ಲಿ ಇನ್ನೊಂದು ಅನಾಹುತವಾಗಿತ್ತು. ನಮ್ಮ ಸಭೆಯ ಹುಡುಗರು ಬಡಿಗೆ ತೆಗೆದುಕೊಂಡು ಚಕ್ಕಡಿಯವನ ಗುಡಿಸಲಿಗೆ ನುಗ್ಗಿ, ಅವನನ್ನು ಹೊರಗೆಳೆದು, ಬಿದ್ದ ಮೇಲೂ ಬಿಡದೆ ಬಡಿದಿದ್ದರು. ಸಭೆಯ ಹಿರಿಯರೊಬ್ಬರ ಮಗ, ಕಟ್ಟುಮಸ್ತಾದ ಪೋರ, ಬಸ್ ನಿಲ್ಲುವಲ್ಲೇ ಕಾದು ನಿಂತು ಹೆಮ್ಮೆಯಿಂದ ಹೇಳಿದ:

"ನಿಮ್ಮ ಎರಡು ಹಲ್ಲಿಗೆ ಅವನ ಎಲುಬs ಮುರದೇವಿ ಮಾಸ್ತರ. ದೇವರಿಗೆ ಎದುರ ಮಾತಾಡ್ತಾನ, ಮಗ!"

ತುಟಿ ಊದಿ ಹೋಗಿತ್ತು, ಬೈಯಲು ಆಗಲಿಲ್ಲ. ಕಾಲಲ್ಲಿದ್ದ ಚಪ್ಪಲಿ ಕಿತ್ತು ಅವನ ಮೋರೆಗೆ ಎಸೆದೆ. ಯಾವ ದೇವರ ಪರವಾಗಿ ಬಡಿದಿದ್ದರು ಇವರು? ಪಾಠ ತಿಳಿಯದ ಉಪದೇಶಿಗಾಗಿ, ಪಾಠ ಕೇಳದ ಹುಡುಗರು, ಪ್ರಶ್ನೆ ಕೇಳಿದವನನ್ನು ಬಡಿದಿದ್ದರು. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ನೆಟ್ಟಗೆ ಗುಡಿಸಲಿಗೆ ಹೋದೆ. ಅವನು ಹರಕು ಕೌದಿಯ ಮೇಲೆ ಬಿದ್ದಿದ್ದ. ಒಂದು ಕಣ್ಣು ಮುಚ್ಚಿ ಹೋಗಿತ್ತು. ಹೆಂಡತಿ ಅರಿಶಿನ ಬಿಸಿ ಮಾಡಿ ಬೆನ್ನಿಗೆ ಹಚ್ಚುತ್ತಿದ್ದಳು. ಒಂದು ತೋಳನ್ನು ಮಾತ್ರ ಆಡಿಸುತ್ತಿದ್ದಳು, ಇನ್ನೊಂದು ಭುಜ ಜೋತು ಬಿದ್ದಿತ್ತು. "ತಿರುಗಿ ಒಂದ ಏಟೂ ಹೊಡೀಲಿಲ್ರಿ ಮಾಸ್ತರ," ಎಂದಳು. "ಹೊಡೀರಿ, ಇನ್ನಾ ಹೊಡೀರಿ ಅಂತ ಮಲಗೇ ಬಿಟ್ಟ."

ನೀರು ಕುಡಿಸಲು ಅವನ ಕೈಗೆ ತಂಬಿಗೆ ಕೊಟ್ಟೆ. ಅದು ಜಾರಿ ಬಿತ್ತು. ಕೈ ಹಿಡಿದು ಬೆರಳು ಬಿಡಿಸಲು ನೋಡಿದೆ. ಬಿಚ್ಚಲಿಲ್ಲ.

"ಆ ಕೈ ಬಿಚ್ಚೂದಿಲ್ರಿ," ಎಂದಳು.

ಮುಷ್ಟಿಯ ಸಂದಿಯಲ್ಲಿ ಅಂಗೈ ಕಂಡಿತು. ಅಂಚಿನಿಂದ ಅಂಚಿಗೆ ಆಳವಾದ ಗಾಯದ ಕಲೆ, ಸುತ್ತ ಗಂಟುಗಟ್ಟಿದ ಮಾಂಸ. ಎರಡೂ ಅಂಗೈಗಳಲ್ಲಿ ಹಾಗೆಯೇ. ಸಿಟ್ಟಿನ ಮುಷ್ಟಿ ಎಂದು ಇಷ್ಟು ದಿನ ತಿಳಿದಿದ್ದೆನಲ್ಲ, ಅವನಿಗೆ ಬೇರೆ ಥರ ಕೈ ಇಡಲು ಬರುತ್ತಲೇ ಇರಲಿಲ್ಲ.

ಮಗ ಸತ್ತ ದಿನದ ಬಗ್ಗೆ ನಾನು ಕೇಳಿದ್ದು ಊರವರ ಮಾತು ಮಾತ್ರ. ಮಗನನ್ನು ಕೊಲ್ಲುತ್ತಿದ್ದರೆ ಅಪ್ಪ ಚಕ್ಕಡಿ ಇಳಿಯಲೇ ಇಲ್ಲ, ಹೇಡಿ ಮುದುಕ, ಎನ್ನುತ್ತಿದ್ದರು. ನಾನೂ ನಂಬಿದ್ದೆ. ಆ ದಿನ ನಿಜಕ್ಕೂ ಏನಾಯಿತೆಂದು ಹೆಂಡತಿ ಹೇಳಿದಳು. ಯಾರ್ಡಿನಲ್ಲಿ ಕಬ್ಬಿನ ಚಕ್ಕಡಿಗಳು ತೂಕದ ಕಾಟಾದ ಪಾಳಿಗೆ ಸಾಲುಗಟ್ಟಿ ನಿಂತಿದ್ದವು. ಇನ್ನೊಂದು ಊರಿನ ಗುಂಪು ನಡುವೆ ನುಗ್ಗಿತು. ಮಗ ಇಳಿದು ಅಡ್ಡ ನಿಂತ. ಮಾತು ಬೆಳೆದು ಬಡಿಗೆಗಳು ಮೇಲೆದ್ದವು. ಮೊದಲ ಏಟಿಗೇ ಅವನ ಹಣೆ ಒಡೆಯಿತು. ಗದ್ದಲಕ್ಕೆ ಎತ್ತುಗಳು ಬೆದರಿ ಕಿತ್ತುಕೊಂಡು ಮುಂದೆ ಹಾರಿದವು. ಇಳಿಜಾರು ನೆಲ, ತುಂಬಿದ ಹೇರು. ಮುಂದೆಯೇ ಒಲೆ ಹೂಡಿ ಕೂತ ಹೆಂಗಸರು, ನೆಲದ ಮೇಲೆ ಮಲಗಿಸಿದ ಕೂಸುಗಳು. ಅಪ್ಪ ಎತ್ತುಗಳ ಹಗ್ಗವನ್ನು ಎರಡೂ ಕೈಗೆ ಸುತ್ತಿ, ನೊಗ ಕಟ್ಟುವ ಮೂಕಿಮರಕ್ಕೆ ಕಾಲು ಕೊಟ್ಟು, ಹಿಂದಕ್ಕೆ ಜಗ್ಗಿ ಹಿಡಿದ. ಕೂಸುಗಳನ್ನು ಎತ್ತಿಕೊಂಡು ಎಲ್ಲರೂ ಸರಿಯುವವರೆಗೂ ಹಿಡಿದ. ಹಗ್ಗ ಅಂಗೈ ಸೀಳಿ ಎಲುಬಿಗೆ ಹತ್ತಿತ್ತು. ಅಷ್ಟೊತ್ತಿಗೆ ಮಗ ಮುಗಿದಿದ್ದ.

"ನೀವು?" ಎಂದೆ ಆಕೆಗೆ.

"ನಾ ಓಡಿ ಹೋಗಿ ಅವನ ಮ್ಯಾಲ ಬಿದ್ದೆ. ಬಿಡಲಿಲ್ಲ, ನನ್ನ ಮ್ಯಾಲೂ ಬಡದ್ರು." ಭುಜ ಜೋತು ಬಿದ್ದದ್ದು ಹೀಗೆ.

ಆ ವಾರವೆಲ್ಲ ನನಗೆ ಅನ್ನ ಸೇರಲಿಲ್ಲ, ಹಲ್ಲಿನ ನೋವಿಗಷ್ಟೇ ಅಲ್ಲ. ತಂದೆಗೆ ನೋವಾಗುವುದಿಲ್ಲ ಎಂದು ಎಷ್ಟು ವರ್ಷದಿಂದ ಹೇಳುತ್ತ ಬಂದಿದ್ದೆ! ಮಗನ ಸಾವನ್ನು ದೂರದಿಂದ ನೋಡುತ್ತ ನೋವಿಲ್ಲದೆ ನಿಂತ ದೇವರನ್ನು ನಾನಾದರೂ ಯಾಕೆ ಪೂಜಿಸುತ್ತಿದ್ದೆ? ಇಲ್ಲ, ತಂದೆಯೇ ಶಿಲುಬೆಯ ಮೇಲೆ ಸತ್ತ ಎನ್ನೋಣವೆಂದರೆ, ಮಗ ಯಾರನ್ನು ಕರೆದ? ತನ್ನನ್ನು ತಾನೇ ಕರೆದನೇ? ಒಂದು ಕಡೆ ಹಿಡಿದರೆ ಇನ್ನೊಂದು ಕಡೆ ಬಿಚ್ಚಿಕೊಳ್ಳುತ್ತಿತ್ತು.

ಜಮಖಂಡಿಗೆ ಹೋಗಿ ಅಯ್ಯನವರ ಕಟ್ಟೆಯ ಮೇಲೆ ಕೂತೆ.

"ತಂದೆ ಶಿಲುಬೆಗೇರಿದ ಅನ್ನೂದು ತಪ್ಪು," ಎಂದರು. "ಹಿಂದಿನ ಕಾಲದಾಗ ಇದರ ಸಲುವಾಗಿ ದೊಡ್ಡ ದೊಡ್ಡ ಜಗಳ ಆಗ್ಯಾವ."

"ತಂದೆ ಸುಮ್ಮಕ ನೋಡಕೋತ ನಿಂತಿದ್ದ ಅನ್ನೂದು?"

"ಅದೂ ತಪ್ಪು."

"ಹಂಗಾರ ಖರೆ ಯಾವುದ್ರಿ ಅಯ್ನೋರ?"

ಅವರು ಕನ್ನಡಕ ಒರೆಸಿಕೊಂಡರು. "ನೀ ಮೊದಲ ಹಲ್ಲ ಕಟ್ಟಿಸ್ಕೋಪಾ. ಆ ಮನಶ್ಯಾನ ಹೆಸರು ದೀಕ್ಷಾಸ್ನಾನದ ಯಾದಿಯಿಂದ ತಗದ ಹಾಕ್ರಿ ಅಂತ ಹಿರ್ಯಾರು ಆಗಲೇ ಹೇಳಿ ಕಳಿಸ್ಯಾರ. ಪರೀಕ್ಷಾದ ದಿನ ನೋಡೂಣು."

ತಿರುಗಿ ಬರುವ ಬಸ್ಸಿನಲ್ಲಿ ಒಂದು ನಿರ್ಧಾರ ಮಾಡಿದೆ. ಇನ್ನು ಮೇಲೆ ಕಬ್ಬಿಲ್ಲ, ನೂಲಿಲ್ಲ, ಕೆರೆಯಿಲ್ಲ. ಸುವಾರ್ತೆಯಲ್ಲಿನ ಆ ಸಾವನ್ನು ಒಂದೊಂದೇ ಏಟಿನಂತೆ ಓದುವುದು. ಪ್ರತಿ ಏಟಿಗೂ ನಿಲ್ಲುವುದು. ಅವನು ಕೇಳಿದ ಪ್ರಶ್ನೆಯನ್ನೇ ಕೇಳುವುದು: ಈಗ ಅಪ್ಪ ಎಲ್ಲಿ? ಉತ್ತರ ಬಂದರೆ ಬರಲಿ, ಬಾರದಿದ್ದರೆ ಬಾಯಿ ಮುಚ್ಚಿಕೊಂಡು ಕೂರುವುದು.

ಪರೀಕ್ಷೆಯ ದಿನದವರೆಗೆ ಅವನನ್ನು ದೇವಾಲಯದೊಳಗೆ ಬಿಡಬಾರದೆಂದು ಹಿರಿಯರು ತಡೆದಿದ್ದರು. ಹಾಗಾಗಿ ಗುಡಿಸಲಿನಲ್ಲೇ ಶುರು ಮಾಡಿದೆ. ಕಪಾಳಕ್ಕೆ ಹೊಡೆದದ್ದು ಓದಿ ನಿಂತೆ. ಚಾಟಿಯಿಂದ ಬೆನ್ನು ಸುಲಿದದ್ದು ಓದಿ ನಿಂತೆ. ಮುಳ್ಳು ಒತ್ತಿದ್ದು, ಮರ ಹೊರಿಸಿದ್ದು. ಹೆಂಡತಿ ಸೆರಗು ಬಾಯಿಗೆ ಹಿಡಿದು ಕೂತಿದ್ದಳು. ಅವನು ನೆಲ ನೋಡುತ್ತ, "ಮುಂದ ಓದ್ರಿ" ಎನ್ನುತ್ತಿದ್ದ. ಹೊಡೆಯುವವರನ್ನು ಕ್ಷಮಿಸೆಂದು ಮಗ ತಂದೆಯನ್ನು ಬೇಡಿಕೊಂಡ ಜಾಗಕ್ಕೆ ಬಂದೆ.

"ನನ್ನ ಮಗ ಹಂಗ ಅನ್ಲಿಲ್ಲ," ಎಂದ.

ನಾನು ಪುಸ್ತಕ ಮುಚ್ಚಿದೆ.

"ನನ್ನ ಮಗ 'ಅಪ್ಪಾ ಬಾರೋ, ಅಪ್ಪಾ ಬಾರೋ' ಅಂತ ಒದರಿದ. ಎರಡ ಸಲಾ ಒದರಿದ. ಮೂರನೇದಕ್ಕ ದನಿ ಬರ್ಲಿಲ್ಲ."

ಹೇಳುತ್ತಲೇ ಎದ್ದ. ತಲೆದಿಂಬಿನ ಕೆಳಗಿನಿಂದ ಕಬ್ಬು ಕಡಿಯುವ ಕೊಯ್ತಾ ಎಳೆದ. ಹಿಡಿ ಅವನ ಮುಷ್ಟಿಯೊಳಗೆ ತುರುಕಿದಂತೆ ಕೂತಿತು. ನನ್ನ ಕಡೆಗೇ ಬಂದನೆಂದು ಗೋಡೆಗೆ ಒತ್ತಿ ನಿಂತೆ. ನನ್ನನ್ನು ದಾಟಿ ಹೊರಗೆ ಹೋದ. ಅಂಗಳದಲ್ಲಿ ಆ ಚಕ್ಕಡಿ ನಿಂತಿತ್ತು. ಮೊದಲ ಏಟು ನೊಗಕ್ಕೆ, ಎರಡನೆಯದು ಮೂಕಿಗೆ. ಆಮೇಲೆ ಲೆಕ್ಕವಿಲ್ಲ. ಗಾಲಿ, ಹಲಗೆ, ಸಿಕ್ಕಲ್ಲಿ ಸಿಕ್ಕಂತೆ ಕಡಿದ. ಚಕ್ಕೆಗಳು ಹಾರಿ ಮುಖಕ್ಕೆ ಬಡಿಯುತ್ತಿದ್ದವು, ಕಬ್ಬಿಣದ ಪಟ್ಟಿಗೆ ತಾಗಿ ಕೊಯ್ತಾ ಕಿಡಿ ಕಾರುತ್ತಿತ್ತು. ಎತ್ತುಗಳು ಗೂಟ ಕೀಳುವಂತೆ ಜಗ್ಗಾಡಿದವು. ಮಾಸ್ತರನನ್ನು ಕಡಿಯುತ್ತಿದ್ದಾನೆಂದು ಓಣಿಯ ಮಂದಿ ಬೊಬ್ಬೆ ಹೊಡೆಯುತ್ತ ಓಡಿ ಬಂದರು. ಯಾರೂ ಹತ್ತಿರ ಬರಬೇಡಿರೆಂದು ನಾನೇ ಕೈ ಅಡ್ಡ ಹಿಡಿದು ನಿಂತೆ.

ಕೊಯ್ತಾ ಮುರಿದ ಮೇಲೆ ಚಕ್ಕೆಗಳ ನಡುವೆ ಕುಸಿದು ಕೂತ. "ಹಗ್ಗಾ ಬಿಡಬೇಕಿತ್ರಿ ಮಾಸ್ತರ. ಯಾರ ಸತ್ರೂ ಸಾಯ್ಲಿ ಅಂತ ಬಿಡಬೇಕಿತ್ತು."

ಬಿಟ್ಟಿದ್ದರೆ ಎಷ್ಟು ಕೂಸುಗಳು ಗಾಲಿಯ ಕೆಳಗೆ ಬೀಳುತ್ತಿದ್ದವೆಂದು ಹೇಳಬಹುದಿತ್ತು. ಅದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಅವನ ಎದುರು ಮಣ್ಣಿನಲ್ಲೇ ಕೂತೆ.

"ಮುಂದ ಏನೈತಿ?" ಎಂದ, ಮುರಿದ ಕೊಯ್ತಾವನ್ನು ಬದಿಗೆ ತಳ್ಳಿ.

"ಆ ಮಗಾನೂ ಕಡೀಕ ಒದರಿದ ಕಾಕಾ. ಯಾಕ ನನ್ನ ಬಿಟ್ಟಿ ಅಂತ ಒದರಿದ."

"ಆಂವಾನೂ ಒದರಿದ್ನ?"

"ಒದರಿದ."

"ಅಪ್ಪ ಬರ್ಲಿಲ್ಲ?"

"ಬರ್ಲಿಲ್ಲ."

"ಅಯ್ಯ ಪಾಪ," ಎಂದ. ಯಾರಿಗೆ ಪಾಪ ಎಂದನೋ, ಮಗನಿಗೋ ಅಪ್ಪನಿಗೋ, ನಾನು ಕೇಳಲಿಲ್ಲ. ಆದರೆ ಅಂದಿನಿಂದ ನನಗೆ ಆ ತಂದೆ ದೇವರ ಕೈಗಳು ಹೇಗಿದ್ದಿರಬೇಕೆಂಬ ಯೋಚನೆ ಹತ್ತಿತು. ಮಗನ ಕೈಯ ಗಾಯ ಎಲ್ಲರಿಗೂ ಗೊತ್ತು, ಹಾಡು ಕಟ್ಟಿ ಹಾಡುತ್ತೇವೆ. ತಂದೆಯದನ್ನು ಕೇಳಿದವರಿಲ್ಲ. ಆ ದಿನ ಯಾರ್ಡಿನಲ್ಲಿ ಬಿದ್ದದ್ದು ಒಂದೇ ಏಟು. ಅದು ನೆಲದ ಮೇಲಿದ್ದವನಿಗೆ ಬಿತ್ತು, ಹಗ್ಗ ಹಿಡಿದವನಿಗೆ ಬಿತ್ತು, ಮೇಲೆ ಬಿದ್ದು ಮುಚ್ಚಿಕೊಂಡವಳಿಗೂ ಬಿತ್ತು. ತರಬೇತಿ ಶಾಲೆಯ ಮಾಸ್ತರರು ನನ್ನ ತಲೆಯೊಳಗೇ ಗದರಿದರು: ಇವರು ಮೂರು ಬೇರೆ ಮನುಷ್ಯರು, ಒಬ್ಬ ದೇವರಲ್ಲ, ಇದೂ ಒಂದು ಉಪಮೆಯೇ, ಇದೂ ಮುರಿಯುತ್ತದೆ. ಮುರಿಯಲಿ. ಉಳಿದ ಉಪಮೆಗಳನ್ನು ನಾನು ಪಾಠ ಮುಗಿಸಲು ಬಳಸಿದ್ದೆ. ಇದು ನನ್ನನ್ನು ಪಾಠ ಹೇಳಲು ಬಿಡಲಿಲ್ಲ.

ಪರೀಕ್ಷೆಯ ಭಾನುವಾರ ಅಯ್ಯನವರು ಬಂದರು. ಕಟ್ಟಳೆಯಂತೆ ಅಭ್ಯರ್ಥಿಗಳು ಒಬ್ಬೊಬ್ಬರೇ ಮುಂದೆ ನಿಂತು, ಹಿರಿಯರ ಎದುರು ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ಚಕ್ಕಡಿಯವನು ಮುಂದೆ ಬಂದದ್ದೇ ತಡ, ಹಿಂದಿನಿಂದ ಕೂಗೆದ್ದಿತು. "ಹೊರಗ ಹಾಕ್ರಿ ಅವನ್ನ!" ಒಬ್ಬ ಹಿರಿಯರು ಎದ್ದು, "ನೋಡ್ರಿ ಅಯ್ನೋರ, ಇಲ್ಲೂ ಮುಷ್ಟಿ ಹಿಡಕೊಂಡs ನಿಂತಾನ," ಎಂದರು.

ಅವನು ಕೈಗಳನ್ನು ಬೆನ್ನ ಹಿಂದೆ ಮರೆ ಮಾಡಿದ.

ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಹೋಗಿ ಅವನ ಮಗ್ಗುಲಲ್ಲಿ, ಅಭ್ಯರ್ಥಿಯ ಜಾಗದಲ್ಲೇ ನಿಂತೆ. "ಮೊದಲ ನನ್ನ ಪರೀಕ್ಷಾ ತಗೋರಿ. ಮೂವರು ಹೆಂಗ ಒಬ್ಬ ಅನ್ನೂದು ನನಗ ತಿಳದಿಲ್ಲ. ತಿಳೀದಿದ್ದವರನ ಹೊರಗ ಹಾಕೂದಿದ್ರ ನನ್ನಿಂದ ಚಾಲೂ ಮಾಡ್ರಿ."

ಚಪ್ಪಲಿ ಏಟು ತಿಂದಿದ್ದ ಆ ಪೋರ ಹಾರಿ ಬಂದು ನನ್ನ ಅಂಗಿಯ ಕೊರಳಪಟ್ಟಿ ಹಿಡಿದ. ಗುಂಡಿಗಳು ಕಿತ್ತು ಉರುಳಿದವು. ಬೆಂಚು ಬಿತ್ತು, ಹೆಂಗಸರು ಚೀರಿದರು. ನಾನೂ ಬಿಡಲಿಲ್ಲ, ಅವನನ್ನು ಗೋಡೆಗೆ ನೂಕಿದೆ. ಅಯ್ಯನವರು ಮೇಜು ಗುದ್ದಿ ಗುಡುಗಿದರು.

"ಕೂಡ್ರಿ ಎಲ್ಲಾರೂ! ಏ ತಮ್ಮಾ, ನೀ ಹೇಳು. ಮೂವರು ಹೆಂಗ ಒಬ್ಬ?"

ಪೋರ ಕೊರಳಪಟ್ಟಿ ಬಿಟ್ಟ. ಅಪ್ಪನ ಕಡೆ ನೋಡಿದ. ಅವನ ಅಪ್ಪ ಛಾವಣಿ ನೋಡಿದರು.

"ಮತ್ತ ಯಾರಿಗಾರ ತಿಳದೈತೇನು?" ಅಯ್ಯನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನನಗೂ ತಿಳದಿಲ್ಲ. ಪೇಪರಿನಾಗ ಬರದು ಪಾಸಾಗೇನಿ, ಅಷ್ಟ." ಆಮೇಲೆ ಚಕ್ಕಡಿಯವನ ಹತ್ತಿರ ಬಂದು, ಬೆನ್ನ ಹಿಂದಿನ ಆ ಕೈಗಳನ್ನು ತಾವೇ ಮುಂದೆ ತಂದುಕೊಂಡು ನೋಡಿದರು. ಏನಾಯಿತೆಂದು ಕೇಳಲಿಲ್ಲ. ಹಿತ್ತಾಳೆಯ ಬಟ್ಟಲಿಗೆ ನೀರು ತುಂಬಿಸಲು ನನಗೆ ಸನ್ನೆ ಮಾಡಿದರು.

ತಂದೆಯ ಹೆಸರಿನಲ್ಲಿ ಮೊದಲ ಬೊಗಸೆ ನೀರು ಬಿದ್ದಾಗ ಅವನು ಅಲುಗಲಿಲ್ಲ. ಮಗನ ಹೆಸರಿನಲ್ಲಿ ಎರಡನೆಯದು ಬಿದ್ದದ್ದೇ, ನೆಲಕ್ಕೆ ಹಣೆ ಬಡಿದುಕೊಂಡು ಅಳಲು ಶುರು ಮಾಡಿದ. ಮಣ್ಣು ಮಾಡುವಾಗಲೂ ಅಳದಿದ್ದ ಮನುಷ್ಯ. ಅಯ್ಯನವರು ಮೂರನೆಯ ಬೊಗಸೆ ಹಿಡಿದುಕೊಂಡು ಕಾದರು. ನೀರು ಬೆರಳ ಸಂದಿಯಿಂದ ಸೋರಿ ಹೋಯಿತು, ಮತ್ತೆ ತುಂಬಿಕೊಂಡರು.

ಸಂಜೆ ಅವನು, ಹೆಂಡತಿ, ನಾನು ಸಮಾಧಿ ನೆಲಕ್ಕೆ ಹೋದೆವು. ಜಾಗ ಹಿಡಿದಿಡಬೇಕೆಂದರೆ ಉಪದೇಶಿಯೇ ಗುದ್ದಲಿಯಿಂದ ಗೆರೆ ಎಳೆದು ಮೂಲೆಗೆ ಕಲ್ಲಿಡುವುದು ನಮ್ಮಲ್ಲಿ ರೂಢಿ, ಒಬ್ಬೊಬ್ಬರಿಗೆ ಒಂದೊಂದು ಚೌಕ. ಮಗನ ದಿಬ್ಬದ ಒಂದು ಬಾಜೂಕ ಅವನಿಗೆ, ಇನ್ನೊಂದು ಬಾಜೂಕ ಆಕೆಗೆ ಎಂದು ಎಳೆಯತೊಡಗಿದೆ. ಅವನು ನೋಡುತ್ತ ನಿಂತಿದ್ದವನು ಬಂದು ಗುದ್ದಲಿಯ ಮೇಲೆ ಮುಷ್ಟಿ ಇಟ್ಟ.

"ಮಾಸ್ತರ, ಮೂರ ಮಂದಿ ಅದೇವಿ, ಖರೆ. ಗೆರಿ ಸುತ್ತಲೂ ಒಂದs ಎಳೀರಿ. ನಡುವ ಬ್ಯಾಡ್ರಿ."

ಎಳೆದದ್ದನ್ನು ಕಾಲಿನಿಂದ ಅಳಿಸಿ, ಅವನು ಹೇಳಿದಂತೆ ಎಳೆದೆ.